ಪೀಪಾಯಿಯೊಳಗೆ ಎಂಟು ಬೇಸಿಗೆ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಲಕ್ಕೂರು ಕಡೆ ಎಳೆಗೂಸಿರುವ ಮನೆಗೆ ಹೋದರೆ ಅಡುಗೆಮನೆಯ ಮೂಲೆಯಲ್ಲಿ ಒಂದು ಗಂಟು ಕಣ್ಣಿಗೆ ಬೀಳುವುದುಂಟು. ರಾತ್ರಿಯೆಲ್ಲ ನೆನೆದ ರಾಗಿಯ ನೀರು ಬಸಿದು, ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ, ಮೇಲೊಂದು ಪಾತ್ರೆ ಬೋರಲು ಹಾಕಿರುತ್ತಾರೆ. ಎರಡನೆಯ ದಿನ ಬಿಚ್ಚಿದರೆ ಬಟ್ಟೆಯೊಳಗಿನ ಬಿಸುಪು ಕೈಗೆ ತಾಗುತ್ತದೆ, ಹಸಿ ಹುಲ್ಲಿನಂಥ ವಾಸನೆ ಮೂಗಿಗೆ ಬರುತ್ತದೆ. ಕೆಂಪು ಕಾಳಿನ ತುದಿಯಲ್ಲೆಲ್ಲ ಬಿಳಿ ಎಳೆ. ಅದನ್ನು ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದರೆ ಕೂಸಿಗೆ ರಾಗಿ ಸರಿ ಮಾಡುವ ಹಿಟ್ಟು ಸಿದ್ಧ.

ಬಾಣಂತಿಯ ಆರೈಕೆ ಮಾಡುವ ಹೆಂಗಸರಿಗೆ ಇದರ ಗುಣ ಚೆನ್ನಾಗಿ ಗೊತ್ತು. ಮೊಳಕೆ ಬರಿಸದ ರಾಗಿಯ ಗಂಜಿ ಆರಿದಂತೆ ಹೆಪ್ಪುಗಟ್ಟುತ್ತದೆ. ಮೊಳಕೆ ರಾಗಿಯದು ಅಷ್ಟೇ ಹಿಟ್ಟು ಹಾಕಿದರೂ ತೆಳ್ಳಗಿರುತ್ತದೆ, ಬೆಲ್ಲ ಹಾಕದಿದ್ದರೂ ಒಂದಿಷ್ಟು ಸಿಹಿ. ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವಗಳು ಎಚ್ಚರಗೊಂಡು, ಪಿಷ್ಟದ ಉದ್ದನೆಯ ಸರಪಳಿಯನ್ನು ಸಕ್ಕರೆಯ ತುಂಡುಗಳಾಗಿ ಕತ್ತರಿಸುತ್ತವೆ. ಕಿರುಧಾನ್ಯಗಳಲ್ಲಿ ಈ ಕೆಲಸಕ್ಕೆ ರಾಗಿ ಎತ್ತಿದ ಕೈ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಮಕ್ಕಳ ಆಹಾರಕ್ಕಾಗಿ ರಾಗಿ ಮಾಲ್ಟನ್ನು, ಅಂದರೆ ಈ ಮೊಳಕೆ ಹಿಟ್ಟನ್ನು, ಬಹಳ ಕಾಲ ಅಭ್ಯಾಸ ಮಾಡಿದ್ದಾರೆ.

ರಾಗಿಯ ಜಾಗದಲ್ಲಿ ಬಾರ್ಲಿ ಇಟ್ಟುಕೊಳ್ಳಿ. ನೆನೆಹಾಕಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ಕಲಸಿದರೆ ಸಿಹಿನೀರು ಇಳಿಯುತ್ತದೆ. ಯೀಸ್ಟ್ ಹಾಕಿದರೆ ಅದು ಹುಳಿಯುತ್ತದೆ. ತಾಮ್ರದ ಹಂಡೆಯಲ್ಲಿ ಕಾಸಿ ಎರಡು ಸಲ ಬಟ್ಟಿ ಇಳಿಸಿದರೆ ನೀರಿನಷ್ಟೇ ತಿಳಿಯಾದ, ಗಂಟಲು ಸುಡುವ ದ್ರವ ಸಿಗುತ್ತದೆ. ಅದಕ್ಕಿನ್ನೂ ಬಣ್ಣವಿಲ್ಲ, ವಿಸ್ಕಿ ಎಂಬ ಹೆಸರಿಗೂ ಅದು ಅರ್ಹವಲ್ಲ. ಸ್ಕಾಟ್ಲೆಂಡಿನ ಕಾನೂನಿನ ಪ್ರಕಾರ ಅದು 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಮರದ ಪೀಪಾಯಿಯಲ್ಲಿ, ಅದೇ ನೆಲದಲ್ಲಿ, ಕನಿಷ್ಠ 3 ವರ್ಷ ಕುಳಿತು ಎದ್ದರೆ ಮಾತ್ರ ಸ್ಕಾಚ್. ರುಚಿಯ ಬಹುಪಾಲು ಹುಟ್ಟುವುದೂ ಅಲ್ಲೇ, ಕತ್ತಲಲ್ಲಿ, ಮರದ ಹೊಟ್ಟೆಯಲ್ಲಿ.

ಹಾಗಾದರೆ ಆ ಪೀಪಾಯಿಯನ್ನು ಸ್ಕಾಟ್ಲೆಂಡಿನ ಚಳಿಯಲ್ಲಿಡದೆ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿಟ್ಟರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬೆಂಗಳೂರನ್ನು ಹಾದು ಮೈಸೂರು ರಸ್ತೆ ಹಿಡಿದರೆ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರೀಸ್ ಸಿಗುತ್ತದೆ. ಲಕ್ಕೂರು, ಕಂಬೀಪುರ ಎರಡೂ ಒಂದೇ ಪ್ರಸ್ಥಭೂಮಿಯ ಮೇಲಿವೆ. ಸಮುದ್ರಮಟ್ಟದಿಂದ ಹೆಚ್ಚು ಕಡಿಮೆ ಅದೇ ಎತ್ತರ, ಅದೇ ಏಪ್ರಿಲ್ ಬಿಸಿಲು, ಅದೇ ಡಿಸೆಂಬರ್ ಬೆಳಗಿನ ಚಳಿ.

ಅಮೃತ್ ಕಂಪನಿಯನ್ನು 1948ರಲ್ಲಿ ಶುರು ಮಾಡಿದವರು ಜೆ.ಎನ್. ರಾಧಾಕೃಷ್ಣ ಜಗದಾಳೆ. ಅದನ್ನು ಸಿಂಗಲ್ ಮಾಲ್ಟ್‌ನ ದಾರಿಗೆ ತಂದವರು ಅವರ ಮಗ ನೀಲಕಂಠ ರಾವ್ ಜಗದಾಳೆ. ನಮ್ಮ ದೇಶದಲ್ಲಿ ವಿಸ್ಕಿಯ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಬಹಳಷ್ಟಕ್ಕೆ ಕಬ್ಬಿನ ಕಾಕಂಬಿಯ ಮದ್ಯಸಾರವೇ ಮೂಲ. ಯುರೋಪಿನ ನಿಯಮ ವಿಸ್ಕಿ ಧಾನ್ಯದಿಂದಲೇ ಆಗಬೇಕು ಎನ್ನುತ್ತದೆ, ಹಾಗಾಗಿ ಆ ಸರಕನ್ನು ಅಲ್ಲಿ ವಿಸ್ಕಿ ಎಂದು ಕರೆಯುವಂತಿಲ್ಲ. ಭಾರತದ ಬಾರ್ಲಿಯಿಂದಲೇ ಇಳಿಸಿ, ಬೆಂಗಳೂರಿನ ಗೋದಾಮಿನಲ್ಲಿ ಮಾಗಿಸಿದ ಸಿಂಗಲ್ ಮಾಲ್ಟನ್ನು ಈ ಕಂಪನಿ 2004ರ ಆಗಸ್ಟ್ 24ರಂದು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ನೀಲಕಂಠ ರಾವ್ ಅವರ ಮಗ ರಕ್ಷಿತ್ ಇಂಗ್ಲೆಂಡಿನಲ್ಲಿ ಎಂಬಿಎ ಓದುವಾಗ, ಅಲ್ಲಿನ ಇಂಡಿಯನ್ ರೆಸ್ಟೋರೆಂಟುಗಳ ಮೂಲಕ ಇದನ್ನು ಮಾರಬಹುದೇ ಎಂದು ಅಧ್ಯಯನ ಮಾಡಿದ್ದರು. ಹುಲಿಯ ಗವಿಯೊಳಗೇ ನಡೆದು ಹೋದ ಧೈರ್ಯ ಅದು. 2010ರ ಆವೃತ್ತಿಯ ‘ವಿಸ್ಕಿ ಬೈಬಲ್’ನಲ್ಲಿ ವಿಮರ್ಶಕ ಜಿಮ್ ಮರ್ರಿ ಅಮೃತ್ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟು, ಆ ವರ್ಷದ ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎಂದರು. ಅದರಲ್ಲಿ ಭಾರತದ ಬಾರ್ಲಿಯ ಜೊತೆಗೆ, ಪೀಟ್ ಎಂಬ ಜೌಗುಮಣ್ಣಿನ ಹೊಗೆಯಲ್ಲಿ ಒಣಗಿದ ಸ್ಕಾಟ್ಲೆಂಡಿನ ಬಾರ್ಲಿಯೂ ಇತ್ತು.

ಇಲ್ಲಿ ಸಿಂಗಲ್ ಮಾಲ್ಟ್, ಸಿಂಗಲ್ ಕಾಸ್ಕ್ ಎಂಬ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಸಿಂಗಲ್ ಮಾಲ್ಟ್ ಅಂದರೆ ಒಂದೇ ಭಟ್ಟಿಯಲ್ಲಿ, ಮೊಳಕೆ ಬಾರ್ಲಿಯಿಂದಲೇ ಮಾಡಿದ್ದು. ಆದರೆ ಅದರಲ್ಲಿ ನೂರಾರು ಪೀಪಾಯಿಗಳು ಬೆರೆತಿರಬಹುದು. ಒಂದು ಪೀಪಾಯಿಯ ಕಹಿಯನ್ನು ಇನ್ನೊಂದರ ಸಿಹಿ ಮುಚ್ಚುತ್ತದೆ, ಪ್ರತಿ ವರ್ಷವೂ ಅದೇ ರುಚಿ ಬರುವಂತೆ ನುರಿತವರು ಹದ ಮಾಡುತ್ತಾರೆ. ಸಿಂಗಲ್ ಕಾಸ್ಕ್ ಹಾಗಲ್ಲ. ಒಂದೇ ಪೀಪಾಯಿ, ಅದರಲ್ಲಿ ಇದ್ದಷ್ಟೇ ಬಾಟಲಿ. ಪಕ್ಕದ ಪೀಪಾಯಿಯ ಹನಿಯೂ ಸೇರುವುದಿಲ್ಲ. ಆ ಮರ ಬೆಳೆದ ಕಾಡು, ಅದರೊಳಗೆ ಮೊದಲು ಇದ್ದ ಮದ್ಯ, ಗೋದಾಮಿನಲ್ಲಿ ಅದು ನೆಲದ ಮೇಲಿತ್ತೋ ಸೂರಿನ ಕೆಳಗಿತ್ತೋ, ಎಲ್ಲವೂ ಲೋಟದಲ್ಲಿ ಬಯಲಾಗುತ್ತದೆ. ವಿಜ್ಞಾನದ ಕಣ್ಣಿಗೆ ಇದರಷ್ಟು ಒಳ್ಳೆಯ ಮಾದರಿ ಬೇರೆ ಇಲ್ಲ, ಏಕೆಂದರೆ ಇಲ್ಲಿ ಯಾರೂ ಏನನ್ನೂ ಸರಿದೂಗಿಸಿರುವುದಿಲ್ಲ.

ಮರದ ವಿಷಯಕ್ಕೆ ಬರೋಣ. ಕೋಲಾರದ ಬಡಗಿಗಳು ಹಲಸು, ಹೊನ್ನೆ, ಬೇವುಗಳ ಗುಣವನ್ನು ಅಂಗೈಯಲ್ಲಿ ಬಲ್ಲವರು. ಓಕ್ ಅವರ ಕೈಗೆ ಸಿಕ್ಕಿದ್ದು ಕಡಿಮೆ. ಅಮೆರಿಕದ ಬಿಳಿ ಓಕ್ ಮರದಲ್ಲಿ ನೀರು ಹರಿಯುವ ಕೊಳವೆಗಳು ವಯಸ್ಸಾದಂತೆ ಒಳಗಿನಿಂದಲೇ ಪುಟ್ಟ ಗುಳ್ಳೆಗಳಂಥ ಬೆಳವಣಿಗೆಯಿಂದ ಮುಚ್ಚಿಹೋಗುತ್ತವೆ. ಅದಕ್ಕೇ ಅದರ ಹಲಗೆಗಳನ್ನು ಅಂಟು, ಮೊಳೆ ಏನೂ ಇಲ್ಲದೆ ಕಬ್ಬಿಣದ ಪಟ್ಟಿಯಿಂದ ಬಿಗಿದರೂ ಹನಿ ಸೋರುವುದಿಲ್ಲ. ಸೋರುವುದಿಲ್ಲ, ಆದರೆ ಉಸಿರಾಡುತ್ತದೆ. ಮಾಲೂರಿನ ಮಣ್ಣು ಹೆಂಚಿಗೆ, ಇಟ್ಟಿಗೆಗೆ ಹೆಸರಾದದ್ದು. ಬೇಸಿಗೆಯಲ್ಲಿ ಮಣ್ಣಿನ ಹೂಜಿಯನ್ನು ಮುಟ್ಟಿ ನೋಡಿದವರಿಗೆ ಈ ಉಸಿರಾಟ ಏನೆಂದು ಹೇಳಿಕೊಡಬೇಕಿಲ್ಲ. ಹೂಜಿಯ ಮೈ ಬೆವರುತ್ತದೆ, ಆ ಬೆವರು ಆವಿಯಾಗುತ್ತದೆ, ನೀರು ತಣ್ಣಗಾಗುತ್ತದೆ, ಸಂಜೆಗೆ ಹೂಜಿಯಲ್ಲಿ ನೀರು ಒಂದು ಬೆರಳು ಇಳಿದಿರುತ್ತದೆ. ಪೀಪಾಯಿಯದೂ ಇದೇ ಕತೆ, ವೇಗ ಮಾತ್ರ ಬಹಳ ನಿಧಾನ.

ಅಮೆರಿಕದ ಬೂರ್ಬನ್ ವಿಸ್ಕಿಯ ನಿಯಮದಂತೆ ಹೊಸ ಪೀಪಾಯಿಯ ಒಳಮೈಯನ್ನು ಬೆಂಕಿಯಿಂದ ಸುಟ್ಟು ಇದ್ದಿಲಾಗಿಸಬೇಕು. ಬೂರ್ಬನ್‌ಗೆ ಅದನ್ನು ಮತ್ತೆ ಬಳಸುವಂತಿಲ್ಲ. ಹೀಗೆ ಖಾಲಿಯಾದ, ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಗಳೇ ಸ್ಕಾಟ್ಲೆಂಡಿಗೂ ಬೆಂಗಳೂರಿಗೂ ಹಡಗು ಹತ್ತಿ ಬರುತ್ತವೆ. ಬೆಂಕಿ ಮಾಡಿದ ಕೆಲಸ ಸಣ್ಣದಲ್ಲ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ, ಐಸ್‌ಕ್ರೀಮಿನ ವೆನಿಲಾ ಪರಿಮಳ ಅದೇ. ಹೆಮಿಸೆಲ್ಯುಲೋಸ್ ಬೆಂದು, ಬೆಲ್ಲದ ಪಾಕ ಕಾಸುವಾಗ ಬರುವಂಥ ವಾಸನೆಯ ಅಣುಗಳಾಗುತ್ತದೆ. ಓಕ್‌ನ ಕೊಬ್ಬಿನಂಶದಿಂದ ಬರುವ ಲ್ಯಾಕ್ಟೋನ್‌ಗೆ ಒಣಕೊಬ್ಬರಿಯ ಘಮ. ವಿಸ್ಕಿಯಲ್ಲಿ ಅದು ಎಷ್ಟು ಮುಖ್ಯವೆಂದರೆ ರಸಾಯನಶಾಸ್ತ್ರಜ್ಞರು ಅದನ್ನು ವಿಸ್ಕಿ ಲ್ಯಾಕ್ಟೋನ್ ಎಂದೇ ಕರೆಯುತ್ತಾರೆ. ಲವಂಗಕ್ಕೆ ವಾಸನೆ ಕೊಡುವ ಯೂಜಿನಾಲ್ ಕೂಡ ಓಕ್‌ನಲ್ಲಿದೆ. ಸುಟ್ಟ ಪದರ ಇದ್ದಿಲಿನ ಸೋಸುಕದಂತೆ ಕೆಲಸ ಮಾಡಿ ಗಂಧಕದ ಕೆಟ್ಟ ನಾತವನ್ನು ಹೀರುತ್ತದೆ.

ಇವೆಲ್ಲ ಮರದಿಂದ ಇಳಿಯಬೇಕಾದರೆ ಮದ್ಯಸಾರ ಮರದೊಳಗೆ ಹೋಗಿ ಬರಬೇಕು. ಬಿಸಿಲೇರಿದಾಗ ದ್ರವ ಹಿಗ್ಗಿ ಮರದ ರಂಧ್ರಗಳೊಳಗೆ ನುಗ್ಗುತ್ತದೆ, ತಂಪಾದಾಗ ಕುಗ್ಗಿ, ಕರಗಿಸಿಕೊಂಡದ್ದನ್ನೆಲ್ಲ ಹೊತ್ತು ವಾಪಸು ಬರುತ್ತದೆ. ಇದಕ್ಕೆ ಶಾಖದ ಇನ್ನೊಂದು ನಿಯಮವೂ ಸೇರುತ್ತದೆ: ಉಷ್ಣಾಂಶ 10 ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ. ಬೆಂಗಳೂರಿನ ಒಂದು ವರ್ಷ ಸ್ಕಾಟ್ಲೆಂಡಿನ ಸುಮಾರು ಮೂರು ವರ್ಷಕ್ಕೆ ಸಮ ಎಂದು ಅಮೃತ್‌ನವರು ಅಂದಾಜು ಹೇಳುತ್ತ ಬಂದಿದ್ದಾರೆ. ಬಣ್ಣ ಮತ್ತು ಮರದ ಸತ್ವದ ಮಟ್ಟಿಗೆ ಈ ಲೆಕ್ಕ ಒಪ್ಪಬಹುದು. ಎಲ್ಲದಕ್ಕೂ ಒಪ್ಪುವಂತಿಲ್ಲ, ಏಕೆಂದರೆ ಪೀಪಾಯಿಯೊಳಗೆ ಕ್ರಿಯೆಗಳು ಹಲವು. ಆಮ್ಲ ಮತ್ತು ಮದ್ಯಸಾರ ಸೇರಿ ಹಣ್ಣಿನ ವಾಸನೆಯ ಎಸ್ಟರ್ ಆಗುವುದು, ಗಾಳಿಯ ಆಮ್ಲಜನಕ ಒಳಗೆ ಜಿನುಗಿ ಒರಟನ್ನು ಸವೆಸುವುದು, ಇವು ತಮ್ಮ ತಮ್ಮ ಗತಿಯಲ್ಲಿ ನಡೆಯುತ್ತವೆ. ಒತ್ತಾಯದಿಂದ ಹಣ್ಣು ಮಾಡಿದ ಮಾವಿಗೂ ಮರದಲ್ಲೇ ಬಲಿತ ಮಾವಿಗೂ ಇರುವ ವ್ಯತ್ಯಾಸವನ್ನು ಶ್ರೀನಿವಾಸಪುರದ ರೈತರು ಕಣ್ಣುಮುಚ್ಚಿ ಹೇಳಬಲ್ಲರು. ಎರಡೂ ಹಳದಿಯೇ, ಹಣ್ಣು ಮಾತ್ರ ಒಂದೇ ಅಲ್ಲ.

ಈಗ ಕಳೆದುಹೋಗುವುದರ ಲೆಕ್ಕ. ಪೀಪಾಯಿಯಿಂದ ಆವಿಯಾಗಿ ಹೋಗುವ ಪಾಲನ್ನು ಸ್ಕಾಟ್ಲೆಂಡಿನಲ್ಲಿ ದೇವತೆಗಳ ಪಾಲು ಎನ್ನುತ್ತಾರೆ. ಅಲ್ಲಿ ಅದು ವರ್ಷಕ್ಕೆ ಸುಮಾರು 2 ಶೇಕಡಾ. ಬೆಂಗಳೂರಿನಲ್ಲಿ 10ರಿಂದ 12. ಕೇಳಲು ಸಣ್ಣ ವ್ಯತ್ಯಾಸ, ಆದರೆ ಚಕ್ರಬಡ್ಡಿಯಂತೆ ಬೆಳೆಯುತ್ತ ಹೋಗುತ್ತದೆ. ನಡುವಿನ 11 ಶೇಕಡಾ ಹಿಡಿದು ನೋಡಿ. ಸ್ಕಾಟ್ಲೆಂಡಿನಲ್ಲಿ 200 ಲೀಟರಿನ ಪೀಪಾಯಿ ಅರ್ಧಕ್ಕೆ ಇಳಿಯಲು 34 ವರ್ಷ ಬೇಕು, ಬೆಂಗಳೂರಿನಲ್ಲಿ 6 ವರ್ಷ ಸಾಕು. 8 ವರ್ಷ ಕಳೆದ ಮೇಲೆ ಅಲ್ಲಿ 170 ಲೀಟರ್ ಉಳಿದಿರುತ್ತದೆ, ಇಲ್ಲಿ 79. ಇಲ್ಲೇ 20 ವರ್ಷ ಬಿಟ್ಟರೆ ಉಳಿಯುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಕೆರೆಯ ನೀರು ದಿನದಿನಕ್ಕೂ ದಡದಿಂದ ಹಿಂದೆ ಸರಿಯುವುದನ್ನು ನೋಡುತ್ತ ಬೆಳೆದ ಕೋಲಾರ ಜಿಲ್ಲೆಯವರಿಗೆ ಈ ಲೆಕ್ಕ ಹೊಸದಾಗಿ ಕಾಣದು.

2013ರಲ್ಲಿ ಅಮೃತ್ 8 ವರ್ಷ ಮಾಗಿದ ವಿಸ್ಕಿಯೊಂದನ್ನು ಹೊರತಂದಾಗ ಅದಕ್ಕಿಟ್ಟ ಹೆಸರು ಗ್ರೀಡಿ ಏಂಜೆಲ್ಸ್, ಅಂದರೆ ದುರಾಸೆಯ ದೇವತೆಗಳು. ಬಾಟಲಿಗಳು ಬರೀ 144. ಸ್ಕಾಟ್ಲೆಂಡಿನಲ್ಲಿ 8 ವರ್ಷ ಅಂದರೆ ಅಂಗಡಿಯ ಕೆಳಗಿನ ಸಾಲಿನ ಸರಕು. ಬೆಂಗಳೂರಿನಲ್ಲಿ 8 ಬೇಸಿಗೆ ದಾಟಿ ಬಂದದ್ದು ಅಪರೂಪದ ವಸ್ತು. ಕಂಪನಿ ಇನ್ನೊಂದು ಪ್ರಯೋಗವನ್ನೂ ಮಾಡಿತ್ತು. ಬೆಂಗಳೂರಿನಲ್ಲಿ ಕೆಲವು ವರ್ಷ ಮಾಗಿಸಿದ ಪೀಪಾಯಿಗಳನ್ನು ಹಡಗಿನಲ್ಲಿ ಸ್ಕಾಟ್ಲೆಂಡಿಗೆ ಕಳಿಸಿ, ಉಳಿದ ಕಾಲವನ್ನು ಅಲ್ಲಿನ ತಂಪಿನಲ್ಲಿ ಕಳೆಯಲು ಬಿಟ್ಟಿತು. 2009ರಲ್ಲಿ ಅದು ‘ಟೂ ಕಾಂಟಿನೆಂಟ್ಸ್’ ಎಂಬ ಹೆಸರಿನಲ್ಲಿ ಬಂತು. ಬಿಸಿಲಿನಲ್ಲಿ ಮರದ ಸತ್ವವನ್ನು ಬೇಗ ಪಡೆದು, ಚಳಿಯಲ್ಲಿ ನಿಧಾನದ ಕ್ರಿಯೆಗಳಿಗೆ ಸಮಯ ಕೊಡುವ ಈ ಯೋಚನೆ ರಸಾಯನಶಾಸ್ತ್ರದ ದೃಷ್ಟಿಯಿಂದ ಬಹಳ ಸೊಗಸಾದದ್ದು.

ಆವಿಯಾಗುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೀಪಾಯಿಯಲ್ಲಿರುವುದು ನೀರು ಮತ್ತು ಮದ್ಯಸಾರ, ಎರಡೂ ಹೊರಟು ಹೋಗುತ್ತವೆ. ಯಾವುದು ಹೆಚ್ಚು ಎಂಬುದನ್ನು ನಿರ್ಧರಿಸುವುದು ಗೋದಾಮಿನ ಗಾಳಿಯ ತೇವ. ಒಣಗಾಳಿಯಲ್ಲಿ ನೀರು ಬೇಗ ಹೋಗಿ ಒಳಗಿನದು ಕಟುವಾಗುತ್ತದೆ. ಸ್ಕಾಟ್ಲೆಂಡಿನ ತೇವದ ಗಾಳಿಯಲ್ಲಿ ಮದ್ಯಸಾರ ಹೆಚ್ಚು ಹೋಗಿ ಕಟುತ್ವ ಇಳಿಯುತ್ತದೆ. ಮದ್ಯಸಾರ 40 ಶೇಕಡಾಕ್ಕಿಂತ ಕೆಳಗಿಳಿದರೆ ಅದು ಸ್ಕಾಚ್ ಅಲ್ಲ. ಅದಕ್ಕೇ ಬಹಳ ಹಳೆಯ ಪೀಪಾಯಿಗಳನ್ನು ಕಾಯುವವರು ಮತ್ತೆ ಮತ್ತೆ ಅಳತೆ ನೋಡುತ್ತಿರುತ್ತಾರೆ. ಎಲ್ಗಿನ್ ಪಟ್ಟಣದ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಕಂಪನಿಯವರು 1940ರ ಫೆಬ್ರವರಿ 3ರಂದು, ಎರಡನೆಯ ಮಹಾಯುದ್ಧದ ನಡುವೆ, ಗ್ಲೆನ್‌ಲಿವೆಟ್ ಭಟ್ಟಿಯಲ್ಲಿ ಒಂದು ಪೀಪಾಯಿ ತುಂಬಿಸಿಟ್ಟರು. 340ನೇ ನಂಬರಿನ ಆ ಪೀಪಾಯಿಯನ್ನು ತುಂಬಿಸಿದವರ ಮೊಮ್ಮಕ್ಕಳ ಕಾಲದಲ್ಲಿ, 80 ವರ್ಷದ ಮೇಲೆ ತೆರೆದಾಗ 44.9 ಶೇಕಡಾ ಮದ್ಯಸಾರ ಇನ್ನೂ ಉಳಿದಿತ್ತು, 250 ಸೀಸೆಗಳಿಗೆ ಸಾಕಾಗುವಷ್ಟು ವಿಸ್ಕಿಯೂ ಇತ್ತು. ಕಂಬೀಪುರದಲ್ಲಾಗಿದ್ದರೆ 80 ವರ್ಷಕ್ಕೆ ಪೀಪಾಯಿಯ ತಳದಲ್ಲಿ ತೇವವೂ ಸಿಗುತ್ತಿರಲಿಲ್ಲ.

ಆವಿಯಾದದ್ದು ಎಲ್ಲಿಗೆ ಹೋಗುತ್ತದೆ? ದೇವತೆಗಳ ವಿಷಯ ಹೇಗೋ, ಒಂದು ಶಿಲೀಂಧ್ರವಂತೂ ಅದನ್ನು ಉಂಡು ಬದುಕುತ್ತದೆ. ಮದ್ಯದ ಗೋದಾಮುಗಳ ಗೋಡೆ, ಮರ, ಬೇಲಿಗಳ ಮೇಲೆಲ್ಲ ಮಸಿ ಬಳಿದಂತೆ ಕಪ್ಪು ಹಿಡಿಯುವುದನ್ನು ಫ್ರಾನ್ಸಿನ ಕಾನ್ಯಾಕ್‌ನಲ್ಲಿ ಅಂತೋನ್ಯಾ ಬೋದ್ವಾ ಎಂಬವರು 1872ರಲ್ಲಿ ಗಮನಿಸಿ ಬರೆದಿಟ್ಟರು. 2007ರಲ್ಲಿ ಅದಕ್ಕೆ ಅವರ ನೆನಪಿಗೇ ಬೋದೋನಿಯಾ ಎಂದು ಹೆಸರಿಡಲಾಯಿತು. ಗಾಳಿಯಲ್ಲಿ ತೇಲುವ ಮದ್ಯಸಾರವೇ ಅದಕ್ಕೆ ಊಟ.

ಇನ್ನು ಲೋಟದ ಹತ್ತಿರ ಹೋಗೋಣ.

ಹೊಟ್ಟೆ ಅಗಲ, ಬಾಯಿ ಕಿರಿದಾದ ಗಾಜಿನ ಲೋಟ. ಅದರಲ್ಲಿ ಎರಡು ಚಮಚದಷ್ಟು ವಿಸ್ಕಿ. ಪೀಪಾಯಿಯಿಂದ ಹಾಗೆಯೇ ಇಳಿಸಿದ್ದರಿಂದ ಮದ್ಯಸಾರ 60 ಶೇಕಡಾದ ಆಸುಪಾಸು. ಬಣ್ಣ ಹಳೆಯ ಜೇನಿನದು. ಲೋಟವನ್ನು ಓರೆ ಮಾಡಿ ಒಮ್ಮೆ ತಿರುಗಿಸಿ ನಿಲ್ಲಿಸಿದರೆ, ಗಾಜಿನ ಒಳಮೈಯಲ್ಲಿ ಮೇಲೇರಿದ ತೆಳುಪದರದ ಅಂಚು ಹನಿಗಟ್ಟಿ, ದೀಪದ ಬತ್ತಿಯ ಪಕ್ಕ ಎಣ್ಣೆ ಜಾರಿದಂತೆ ಸಾಲು ಸಾಲಾಗಿ ಇಳಿಯುತ್ತದೆ. ಇದು ಉತ್ತಮ ಗುಣಮಟ್ಟದ ಲಕ್ಷಣ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಪದರದಿಂದ ಮದ್ಯಸಾರ ಮೊದಲು ಹಾರಿಹೋಗುತ್ತದೆ, ಉಳಿದ ನೀರಿನ ಮೇಲ್ಮೈ ಎಳೆತ ಹೆಚ್ಚಾಗುತ್ತದೆ, ಅದು ಕೆಳಗಿನಿಂದ ಇನ್ನಷ್ಟು ದ್ರವವನ್ನು ಮೇಲಕ್ಕೆಳೆಯುತ್ತದೆ, ಭಾರ ಹೆಚ್ಚಾದಾಗ ಹನಿ ಇಳಿಯುತ್ತದೆ. ಲಾರ್ಡ್ ಕೆಲ್ವಿನ್ ಅವರ ಅಣ್ಣ ಜೇಮ್ಸ್ ಥಾಮ್ಸನ್ 1855ರಲ್ಲೇ ಇದನ್ನು ವಿವರಿಸಿದ್ದರು. ಹನಿಗಳು ಮದ್ಯಸಾರದ ಪ್ರಮಾಣದ ಬಗ್ಗೆ ಹೇಳುತ್ತವೆ, ರುಚಿಯ ಬಗ್ಗೆ ಅಲ್ಲ.

ಮೂಗು ಹತ್ತಿರ ತಂದರೆ ಮೊದಲು ತಾಗುವುದು ಘಾಟು. ಕನ್ನಡದಲ್ಲಿ ಘಾಟು ಬೇರೆ, ವಾಸನೆ ಬೇರೆ. ಒಣಮೆಣಸಿನಕಾಯಿ ಹುರಿಯುವಾಗ ಕೆಮ್ಮು ಬರಿಸುವುದು ಘಾಟು, ಅದರ ಹಿಂದೆ ಬರುವುದು ಪರಿಮಳ. ನಮ್ಮ ನುಡಿ ಮಾಡಿರುವ ಈ ವಿಂಗಡಣೆ ಶರೀರಶಾಸ್ತ್ರಕ್ಕೆ ಸರಿಯಾಗಿ ಹೊಂದುತ್ತದೆ. ವಾಸನೆ ಹಿಡಿಯುವುದು ಮೂಗಿನ ಮೇಲ್ಭಾಗದ ಘ್ರಾಣನರ, ಘಾಟು ಹಿಡಿಯುವುದು ಮುಖದ ಸ್ಪರ್ಶ, ನೋವು, ಶಾಖಗಳನ್ನು ಸಾಗಿಸುವ ಬೇರೊಂದು ನರ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಯಾವ ಗ್ರಾಹಕವನ್ನು ಕೆರಳಿಸುತ್ತದೋ ಮದ್ಯಸಾರವೂ ಅದನ್ನೇ ಕೆರಳಿಸುತ್ತದೆ. ಸಾಮಾನ್ಯವಾಗಿ 42 ಡಿಗ್ರಿ ಶಾಖಕ್ಕೆ ಉರಿ ಎಂದು ಕೂಗುವ ಆ ಗ್ರಾಹಕ, ಮದ್ಯಸಾರ ಸೋಕಿದಾಗ 34 ಡಿಗ್ರಿಗೇ ಕೂಗಿಕೊಳ್ಳುತ್ತದೆ. ಬಾಯಿಯ ಶಾಖ ಅದಕ್ಕಿಂತ ಹೆಚ್ಚು. ಹಾಗಾಗಿ ಗಂಟಲು ಸುಡುವುದು ನಮ್ಮ ಮೈಯ ಬಿಸಿಯಿಂದಲೇ.

ಲೋಟವನ್ನು ಗದ್ದದ ಮಟ್ಟಕ್ಕೆ ಇಳಿಸಿ, ಬಾಯಿಯನ್ನು ತುಸು ತೆರೆದು ಉಸಿರೆಳೆದರೆ ಘಾಟು ಹಿಂದೆ ಸರಿಯುತ್ತದೆ. ಮೊದಲು ಒಣಕೊಬ್ಬರಿ. ಆಮೇಲೆ ವೆನಿಲಾ, ಬೆಲ್ಲದ ಪಾಕ, ಲವಂಗ. ಇನ್ನೂ ಸ್ವಲ್ಪ ಕಾದರೆ ಮಾಗಿದ ಬಾಳೆ, ಹಲಸಿನ ತೊಳೆ. ಇದು ಬರೀ ಕಲ್ಪನೆಯಲ್ಲ. ಯೀಸ್ಟ್ ತಯಾರಿಸುವ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್ ಬಾಳೆಹಣ್ಣಿನಲ್ಲೂ ಇದೆ, ಹಲಸಿನಲ್ಲೂ ಇದೆ. ಪೀಟ್ ಹೊಗೆ ಕುಡಿದ ಬಾರ್ಲಿಯಾದರೆ ಸೌದೆ ಒಲೆಯ ಮೇಲಿನ ಬಿಸಿನೀರಿನ ಹಂಡೆಯ ಹತ್ತಿರದ ವಾಸನೆ, ಅದು ಗ್ವಯಾಕಾಲ್ ಎಂಬ ಅಣುವಿನದು. ಇಂಗ್ಲಿಷಿನಲ್ಲಿ ವಿಸ್ಕಿಯ ಬಗ್ಗೆ ಬರೆಯುವವರು ಹೆದರ್ ಹೂವು, ಕ್ರಿಸ್‌ಮಸ್ ಕೇಕು ಎನ್ನುತ್ತಾರೆ. ಅವು ಅವರ ಅಜ್ಜಿಯ ಮನೆಯ ವಾಸನೆಗಳು, ಹಾಗಾಗಿ ಅವರ ಮಾತು ಸರಿಯೇ. ಮಾಲೂರಿನವರು ಆ ಹೂವಿನ ವಾಸನೆ ಬರಲಿಲ್ಲವೆಂದು ಪೇಚಾಡಬೇಕಿಲ್ಲ. ಘಮ, ಕಂಪು, ಕಮಟು, ಮುಗ್ಗು, ಸೀದದ್ದು, ಹಸಿ, ಒಗರು, ಕನರು, ಇಷ್ಟು ಪದಗಳನ್ನು ಇಟ್ಟುಕೊಂಡ ನುಡಿಗೆ ಪರರಿಂದ ಸಾಲ ತರುವ ಅಗತ್ಯ ಕಾಣುವುದಿಲ್ಲ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನೆ ಗ್ರಾಹಕಗಳಿವೆ. ಇವುಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಗ್ರಾಹಕಗಳೇ ಒಬ್ಬರಿಂದ ಒಬ್ಬರಿಗೆ ಒಂದಿಷ್ಟು ಬೇರೆ, ನೆನಪುಗಳಂತೂ ಊರೂರಿಗೆ ಬೇರೆ.

ಈಗ ಎರಡು ಮೂರು ಹನಿ ನೀರು. ನೀರು ಬೆರೆಸಿದರೆ ರುಚಿ ಕೆಡುತ್ತದೆ ಎಂಬ ಹಠ ಕೆಲವರಿಗಿದೆ. ಸ್ವೀಡನ್ನಿನ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಗ್ವಯಾಕಾಲ್‌ನ ನಡೆಯನ್ನು ಕಂಪ್ಯೂಟರಿನಲ್ಲಿ ಅಣು ಅಣುವಾಗಿ ಲೆಕ್ಕ ಹಾಕಿ ನೋಡಿದರು. ಮದ್ಯಸಾರ 59 ಶೇಕಡಾಕ್ಕಿಂತ ಹೆಚ್ಚಿದ್ದರೆ ಅದು ಗ್ವಯಾಕಾಲ್ ಅನ್ನು ಸುತ್ತುವರಿದು ದ್ರವದ ಒಳಗೇ ಹಿಡಿದಿಡುತ್ತದೆ. 45 ಶೇಕಡಾಕ್ಕೆ ಇಳಿದರೆ ಗ್ವಯಾಕಾಲ್ ಮೇಲ್ಮೈ ಹತ್ತಿರ ಸೇರುತ್ತದೆ, ಅಂದರೆ ಮೂಗಿಗೆ ಹತ್ತಿರವಾಗುತ್ತದೆ. ಕೆಲವೊಮ್ಮೆ ನೀರು ಬಿದ್ದೊಡನೆ ವಿಸ್ಕಿ ಮಂಜು ಕವಿದಂತೆ ಮಸುಕಾಗುತ್ತದೆ. ಕಲಬೆರಕೆ ಎಂದು ಗಾಬರಿಯಾಗಬೇಕಿಲ್ಲ. ಮದ್ಯಸಾರದಲ್ಲಿ ಕರಗಿ, ನೀರಿನಲ್ಲಿ ಕರಗದ ಉದ್ದ ಸರಪಳಿಯ ಎಸ್ಟರುಗಳು ಸಣ್ಣ ಸಣ್ಣ ಬಿಂದುಗಳಾಗಿ ಹೊರಬಿದ್ದಿವೆ, ಅಷ್ಟೇ.

ನಾಲಗೆಯ ಮೇಲೆ ಅದು ಸಿಹಿ ಅನ್ನಿಸುತ್ತದೆ. ಆದರೆ ಬಟ್ಟಿ ಇಳಿಸುವಾಗ ಸಕ್ಕರೆ ಹಂಡೆಯಲ್ಲೇ ಉಳಿಯುತ್ತದೆ. ಮರದಿಂದ ಬರುವ ಸಕ್ಕರೆ ಅತ್ಯಲ್ಪ. ಗಂಟಲ ಹಿಂದಿನಿಂದ ಮೂಗಿಗೇರುವ ವೆನಿಲಾ, ಕೊಬ್ಬರಿಗಳ ವಾಸನೆಯನ್ನು ಮಿದುಳು ಬಾಲ್ಯದ ಸಿಹಿತಿಂಡಿಗಳ ಜೊತೆ ಕೂಡಿಸಿ ಸಿಹಿ ಎಂದು ತೀರ್ಪು ಕೊಡುತ್ತದೆ. ಕೊನೆಯಲ್ಲಿ ಉಳಿಯುವುದು ಒಗರು. ನೇರಳೆ ಹಣ್ಣು ತಿಂದಾಗ ನಾಲಗೆ ಒಣಗಿ ಹಿಡಿದುಕೊಂಡಂತೆ ಆಗುತ್ತದಲ್ಲ, ಅದೇ. ಮರದ ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗರಣೆ ಕಟ್ಟುತ್ತವೆ, ಬಾಯಿಯ ಜಾರುವಿಕೆ ಹೋಗುತ್ತದೆ. ಹದವಾಗಿದ್ದರೆ ಒಗರು ವಿಸ್ಕಿಗೆ ಮೈಕಟ್ಟು ಕೊಡುತ್ತದೆ. ಮೀರಿದರೆ ಉಳಿದೆಲ್ಲವನ್ನೂ ನುಂಗುತ್ತದೆ. ಬಿಸಿಲನಾಡಿನ ಪೀಪಾಯಿಯ ಅಪಾಯ ಇದೇ. ದ್ರವ ಇಳಿಯುತ್ತದೆ, ಮರದ ಸತ್ವ ಏರುತ್ತದೆ, ಒಂದು ಬೇಸಿಗೆ ಹೆಚ್ಚಾದರೂ ವಿಸ್ಕಿ ಹಲಗೆ ನೆಕ್ಕಿದಂತಾಗುತ್ತದೆ. ಅಮೃತ್‌ನಲ್ಲಿ ಬಹಳ ಕಾಲ ಮುಖ್ಯ ಬ್ಲೆಂಡರ್ ಆಗಿದ್ದ ಸುರೀಂದರ್ ಕುಮಾರ್ ಅವರಂಥವರ ಪರಿಣತಿಯ ದೊಡ್ಡ ಪಾಲು, ಪೀಪಾಯಿಯನ್ನು ಯಾವ ವಾರ ಖಾಲಿ ಮಾಡಬೇಕು ಎಂಬ ತಿಳಿವಳಿಕೆಯಲ್ಲಿದೆ.

ಹಳೆಯದಕ್ಕೆ ಬೆಲೆ ಹೆಚ್ಚು ಎಂದಾದ ಮೇಲೆ ಸುಳ್ಳು ಹಳೆಯವೂ ಹುಟ್ಟಿಕೊಳ್ಳುತ್ತವೆ. ಬೆಲೆಗೆ ಒಂದು ಉದಾಹರಣೆ: ಮೆಕಾಲನ್ ಭಟ್ಟಿಯ 263ನೇ ಪೀಪಾಯಿ 1926ರಲ್ಲಿ ತುಂಬಿ 1986ರಲ್ಲಿ ಖಾಲಿಯಾಯಿತು, ಸಿಕ್ಕಿದ್ದು 40 ಬಾಟಲಿ. ಅದರಲ್ಲೊಂದು 2023ರ ನವೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 21 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಸುಳ್ಳಿಗೆ ಇನ್ನೊಂದು: 2017ರಲ್ಲಿ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ ಚೀನಾದ ಪ್ರವಾಸಿಯೊಬ್ಬರು 1878ರದ್ದೆಂದು ಹೇಳಿದ ಬಾಟಲಿಯಿಂದ ಒಂದೇ ಒಂದು ಗುಟುಕಿಗೆ ಸುಮಾರು 10,000 ಫ್ರಾಂಕ್ ಕೊಟ್ಟರು. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಪರೀಕ್ಷೆಯಾಯಿತು. ಅದು 1970ರಿಂದ 1972ರ ನಡುವಿನ ಸರಕಾಗಿತ್ತು, ಮಾಲ್ಟ್‌ಗೆ ಬೇರೆ ಧಾನ್ಯದ ವಿಸ್ಕಿ ಬೆರೆಸಿದ್ದು. ಹೋಟೆಲಿನವರು ಹಣ ಹಿಂದಿರುಗಿಸಿದರು.

ಈ ಪರೀಕ್ಷೆಯ ಹಿಂದೆ ಇರುವುದು ಅಣುಬಾಂಬು. 1950ರ ದಶಕದಿಂದ 1963ರವರೆಗೆ ದೇಶಗಳು ಬಯಲಿನಲ್ಲಿ ಸಿಡಿಸಿದ ಬಾಂಬುಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆಮೇಲೆ ವರ್ಷವರ್ಷವೂ ಇಳಿಯುತ್ತ ಬಂತು. ಬಾರ್ಲಿ ಪೈರು ಆಯಾ ವರ್ಷದ ಗಾಳಿಯನ್ನೇ ಉಸಿರಾಡಿ ಕಾಳು ಕಟ್ಟುತ್ತದೆ, ಆ ಕಾರ್ಬನ್ನೇ ಮದ್ಯಸಾರಕ್ಕೆ ದಾಟುತ್ತದೆ. ಹೀಗಾಗಿ ಪ್ರತಿ ಹನಿಯಲ್ಲೂ ಪೈರು ಕೊಯ್ದ ಕಾಲದ ಗುರುತಿದೆ, ಅದನ್ನು ಯಾರೂ ತಿದ್ದಲಾರರು. 2018ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದು ಅಪರೂಪದ 55 ಬಾಟಲಿಗಳನ್ನು ಹೀಗೆ ಪರೀಕ್ಷಿಸಿದಾಗ 21 ನಕಲಿ ಅಥವಾ ಹೇಳಿದ ವರ್ಷದ್ದಲ್ಲ ಎಂದು ತಿಳಿಯಿತು.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಮದ್ಯಸಾರ ಎಷ್ಟು ವರ್ಷ ಮಾಗಿದರೂ ಮದ್ಯಸಾರವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯಪಾನವನ್ನು 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಪ್ಯಾಕೆಟ್ ಸಾರಾಯಿ ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆಗಳ ಒಲೆ ಆರಿಸಿತು ಎಂಬುದನ್ನು ಕಂಡವರು ಇನ್ನೂ ಇದ್ದಾರೆ. ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದ್ದು ಆ ಸಂಕಟದ ಹಿನ್ನೆಲೆಯಲ್ಲೇ. ವಿಸ್ಕಿಯ ವಿಜ್ಞಾನ ಕುಡಿಯಲು ಶಿಫಾರಸಲ್ಲ. ನುರಿತ ಪರೀಕ್ಷಕರು ದಿನವಿಡೀ ಕೆಲಸ ಮಾಡುವುದು ಮೂಗಿನಿಂದ. ಬಾಯಿಗೆ ಹಾಕಿಕೊಂಡರೂ ಉಗುಳುತ್ತಾರೆ. ಇಲ್ಲಿ ವಿವರಿಸಿದ ಬಹುಪಾಲು ಗುಣಗಳನ್ನು ಒಂದು ಹನಿಯೂ ಕುಡಿಯದೆ ತಿಳಿಯಬಹುದು.

ನೀಲಕಂಠ ರಾವ್ ಜಗದಾಳೆ 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಕಂಪನಿಗೆ 75 ವರ್ಷ ತುಂಬಿದ ನೆನಪಿಗೆ ಅಮೃತ್ 15 ವರ್ಷ ಮಾಗಿದ ವಿಸ್ಕಿಯನ್ನು ಬಾಟಲಿಗಿಳಿಸಿತು, 75 ಬಾಟಲಿ ಮಾತ್ರ. ಹದಿನೈದು ಬೇಸಿಗೆ ಮರದಲ್ಲಿದ್ದು ಕನರು ಹಿಡಿಯದಂತೆ ಉಳಿಸಿಕೊಳ್ಳುವುದು ಬೆಂಗಳೂರಿನಲ್ಲಿ ಎಂಥ ಕಷ್ಟ ಎಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಸ್ಕಾಟ್ಲೆಂಡಿನ 15ರ ಪಕ್ಕ ಈ 15ನ್ನು ಇಟ್ಟು ಎರಡೂ ಒಂದೇ ವಯಸ್ಸು ಎನ್ನುವುದು ಅಳತೆಗೋಲನ್ನೇ ತಪ್ಪಾಗಿ ಹಿಡಿದಂತೆ.

ಆದ್ದರಿಂದ ಸಿಂಗಲ್ ಕಾಸ್ಕ್ ಬಾಟಲಿ ಎಂದಾದರೂ ಕೈಗೆ ಬಂದರೆ ಲೇಬಲ್ಲಿನ ದೊಡ್ಡ ಅಂಕಿಯನ್ನು ಬಿಟ್ಟು ಸಣ್ಣ ಅಕ್ಷರಗಳನ್ನು ಓದಿ. ಪೀಪಾಯಿಯ ನಂಬರು, ಅದು ತುಂಬಿದ ದಿನ, ಖಾಲಿಯಾದ ದಿನ, ಮೊದಲು ಅದರಲ್ಲಿ ಏನಿತ್ತು ಎಂಬ ವಿವರ, ಒಟ್ಟು ಬಾಟಲಿ ಎಷ್ಟು. ಜೊತೆಗೆ ಆ ಪೀಪಾಯಿ ಯಾವ ಊರಿನಲ್ಲಿ ಎಷ್ಟು ಬೇಸಿಗೆ ಕಳೆಯಿತು ಎಂದು ನೋಡಿ.